ಕಲೆ ಹಾಕುವ ಕಲೆ

ನವರಾತ್ರಿ ಹತ್ತಿರ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ಗರಾಜಿನಿಂದ ಪೆಟ್ಟಿಗೆಗಳು ಒಂದೊಂದಾಗಿ ಒಳಗೆ ಬರುತ್ತವೆ. ಪಟ್ಟದ ಗೊಂಬೆಗಳು, ದಶಾವತಾರದ ಸೆಟ್ಟು, ಅಂಗಡಿ ಇಟ್ಟುಕೊಂಡು ಕೂತ ಶೆಟ್ಟರು ಮತ್ತು ಶೆಟ್ಟಮ್ಮ ಎಲ್ಲರೂ ಮೆಟ್ಟಿಲೇರಿ ಕೂರುತ್ತಾರೆ. ಮೆಟ್ಟಿಲುಗಳ ಕೆಳಗೆ, ಕಾರ್ಪೆಟ್ಟಿನ ಮೇಲೆ ಹರಡಿಕೊಳ್ಳುವ 'ಪಾರ್ಕು' ಮಾತ್ರ ಮಕ್ಕಳ ರಾಜ್ಯ. ರಾಗಿ ಪೈರಿನ ಹೊಲ, ಕನ್ನಡಿ ತುಂಡಿನ ಕೆರೆ, ಮೃಗಾಲಯ ಮತ್ತು ಸುತ್ತ ಓಡುವ ಒಂದು ರೈಲು ಅಲ್ಲಿರಲೇಬೇಕು.

ಈ ಪಾರ್ಕಿನಲ್ಲಿ ಒಂದು ತೊಂದರೆಯನ್ನು ನೀವೂ ಗಮನಿಸಿರಬಹುದು. ಎಷ್ಟು ಬೆಲೆ ಕೊಟ್ಟು ತಂದರೂ ರೈಲು, ಮನೆ, ನಿಲ್ದಾಣ ಎಲ್ಲವೂ ಪ್ಲಾಸ್ಟಿಕ್ ಆಟಿಕೆಯಂತೆಯೇ ಕಾಣುತ್ತವೆ. ಅದಕ್ಕೆ ಪರಿಹಾರ ಇನ್ನಷ್ಟು ದುಬಾರಿ ಆಟಿಕೆಯಲ್ಲ. ಚಿತ್ರಕಾರರು ಬಳಸುವ ಪೇಸ್ಟಲ್ ಕಡ್ಡಿಯ ಒಂದು ಚಿಟಿಕೆ ಪುಡಿ ಸಾಕು. ಮಾದರಿಗಳನ್ನು ಮಳೆ, ಬಿಸಿಲು, ಧೂಳು ತಾಗಿದಂತೆ ಕಾಣಿಸುವ ಈ ಕೆಲಸಕ್ಕೆ ಹವ್ಯಾಸಿಗಳು 'ವೆದರಿಂಗ್' ಎನ್ನುತ್ತಾರೆ. ಕನ್ನಡದಲ್ಲಿ ಚಿತ್ರ ಬರೆಯುವುದೂ ಕಲೆಯೇ, ಬಟ್ಟೆಗೆ ಹತ್ತಿದ ಕರೆಯೂ ಕಲೆಯೇ. ಆದ್ದರಿಂದ ನಾವು ಇದನ್ನು 'ಕಲೆ ಹಾಕುವ ಕಲೆ' ಎಂದು ಕರೆದುಕೊಂಡಿದ್ದೇವೆ! ಮೂರ್ನಾಲ್ಕು ಕುಟುಂಬಗಳು ಸೇರಿ ಕೆಲವು ವರ್ಷಗಳಿಂದ ಮಾಡುತ್ತಿರುವ ಈ ಕೆಲಸವನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೊಸದು ಯಾಕೆ ಆಟಿಕೆಯಂತೆ ಕಾಣುತ್ತದೆ?

ಮಾದರಿ ರೈಲುಗಳಲ್ಲಿ ಬಹಳ ಪ್ರಚಲಿತವಾದ ಅಳತೆ ಎಚ್‌ಒ, ಅಂದರೆ ನಿಜವಾದುದರ 87ರಲ್ಲಿ ಒಂದು ಪಾಲು. ಐದೂವರೆ ಅಡಿ ಎತ್ತರದ ಮನುಷ್ಯ ಇಲ್ಲಿ ಸುಮಾರು 19 ಮಿಲಿಮೀಟರ್ ಆಗುತ್ತಾನೆ. ಹತ್ತು ಮೀಟರ್ ಉದ್ದದ ನಿಲ್ದಾಣ ಹನ್ನೊಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಬೆಳಕು ಮಾತ್ರ ಕುಗ್ಗುವುದಿಲ್ಲ. ಮನೆಯ ದೀಪದ ಹೊಳಪು ಆ ಪುಟ್ಟ ಛಾವಣಿಯ ಮೇಲೆ ದೊಡ್ಡದಾಗಿ ಮಿನುಗುತ್ತದೆ. ಆ ಹೊಳಪು ಕಂಡ ಕೂಡಲೇ ನಮ್ಮ ಕಣ್ಣು 'ಇದು ಪ್ಲಾಸ್ಟಿಕ್' ಎಂದು ತೀರ್ಪು ಕೊಟ್ಟುಬಿಡುತ್ತದೆ.

ಎರಡನೆಯದು ದೂರದ ಲೆಕ್ಕ. ಒಂದು ಮೀಟರ್ ದೂರದಿಂದ ಈ ಮಾದರಿಯನ್ನು ನೋಡಿದರೆ ನಿಜವಾದ ಕಟ್ಟಡವನ್ನು 87 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ಕಪ್ಪು ಅಷ್ಟು ಕಪ್ಪಾಗಿ ಕಾಣುವುದಿಲ್ಲ, ಕೆಂಪು ಅಷ್ಟು ಕೆಂಪಾಗಿರುವುದಿಲ್ಲ. ನಡುವಿನ ಗಾಳಿ ಮತ್ತು ಧೂಳು ಬಣ್ಣವನ್ನು ಮಂಕಾಗಿಸುತ್ತವೆ. ಮೂರನೆಯದು, ನಿಜವಾದ ಯಾವ ಗೋಡೆಯೂ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣವಾಗಿರುವುದಿಲ್ಲ. ಸೂರಿನ ಕೆಳಗೆ ಮಳೆನೀರಿನ ಗೆರೆ, ತಳದಲ್ಲಿ ಸಿಡಿದ ಕೆಸರು, ಮೂಲೆಯಲ್ಲಿ ಕಪ್ಪು ಇದ್ದೇ ಇರುತ್ತವೆ. ಪೇಸ್ಟಲ್ ಪುಡಿ ಈ ಮೂರನ್ನೂ ಒಟ್ಟಿಗೆ ಸರಿಪಡಿಸುತ್ತದೆ: ಹೊಳಪು ಕೊಲ್ಲುತ್ತದೆ, ಬಣ್ಣ ಮಂಕಾಗಿಸುತ್ತದೆ, ಏಕತಾನವನ್ನು ಒಡೆಯುತ್ತದೆ.

ಪೇಸ್ಟಲ್ ಎಂದರೇನು?

ಪೇಸ್ಟಲ್ ಕಡ್ಡಿಯಲ್ಲಿ ಇರುವುದು ಮೂರೇ ವಸ್ತು: ಬಣ್ಣದ ಪುಡಿ, ಸುಣ್ಣದ ಕಲ್ಲಿನ ಬಿಳಿ ಪುಡಿ ಮತ್ತು ಎರಡನ್ನೂ ಹಿಡಿದಿಡುವಷ್ಟು ಮಾತ್ರ ಅಂಟು. ಅಂಟು ಕಡಿಮೆ ಇರುವುದೇ ಇದರ ಗುಣ, ಸ್ವಲ್ಪ ಉಜ್ಜಿದರೂ ನುಣ್ಣನೆಯ ಪುಡಿ ಉದುರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ವೆನಿಸ್ಸಿನ ರೊಸಾಲ್ಬಾ ಕ್ಯಾರಿಯೆರಾ ಎಂಬ ಕಲಾವಿದೆ ಇದರಲ್ಲಿ ಭಾವಚಿತ್ರ ಬರೆದು ಯುರೋಪಿನಲ್ಲೆಲ್ಲ ಹೆಸರಾದರು. ಹತ್ತೊಂಬತ್ತನೆಯ ಶತಮಾನದ ಎಡ್ಗರ್ ಡೆಗಾನ ನರ್ತಕಿಯರ ಚಿತ್ರಗಳಲ್ಲಿ ಎಷ್ಟೋ ಪೇಸ್ಟಲ್ಲಿನವೇ.

ಅಂಗಡಿಯಲ್ಲಿ 'ಆಯಿಲ್ ಪೇಸ್ಟಲ್' ಎಂದೂ ಸಿಗುತ್ತದೆ. 1925ರಲ್ಲಿ ಜಪಾನಿನ ಸಕುರಾ ಕಂಪೆನಿ ಹೊರತಂದ ಬಗೆ ಅದು. ಎಣ್ಣೆ ಮತ್ತು ಮೇಣ ಬೆರೆತಿರುವುದರಿಂದ ಅದು ಪುಡಿಯಾಗುವುದಿಲ್ಲ, ನಮ್ಮ ಕೆಲಸಕ್ಕೆ ಬರುವುದಿಲ್ಲ. ಡಬ್ಬಿಯ ಮೇಲೆ 'ಸಾಫ್ಟ್ ಪೇಸ್ಟಲ್' ಎಂದು ಇರಬೇಕು.

"ರಂಗೋಲಿ ಪುಡಿ ಮನೆಯಲ್ಲೇ ಇದೆಯಲ್ಲ, ಅದು ಆಗದೇ?" ಎಂದು ನಮ್ಮಲ್ಲೇ ಪ್ರಶ್ನೆ ಬಂದಿತ್ತು. ಲೆಕ್ಕ ಹಾಕಿ ನೋಡಿ. ರಂಗೋಲಿ ಪುಡಿಯ ಕಣ 0.2 ಮಿಲಿಮೀಟರ್ ಇದ್ದರೆ 87ರಿಂದ ಗುಣಿಸಿದಾಗ 17 ಮಿಲಿಮೀಟರಿನ ಜಲ್ಲಿಕಲ್ಲಾಗುತ್ತದೆ! ಛಾವಣಿಯ ಮೇಲೆ ಧೂಳು ಕೂತಂತೆ ಕಾಣದೆ ಜಲ್ಲಿ ಸುರಿದಂತೆ ಕಾಣುತ್ತದೆ. ಅರಿಶಿನವೂ ಬೇಡ, ಬೆಳಕಿಗೆ ಬಣ್ಣ ಬಿಡುತ್ತದೆ. ಪೇಸ್ಟಲ್ಲಿನ ಕೆಂಪು, ಕಂದು, ಹಳದಿ ಮಣ್ಣಿನ ಬಣ್ಣಗಳು ಮಾತ್ರ ನಮಗೆ ಹಳೆಯ ಪರಿಚಯದವೇ. ಅವು ಕಬ್ಬಿಣದ ಆಕ್ಸೈಡುಗಳು. ಹೊಸ್ತಿಲಿಗೆ, ರಂಗೋಲಿಯ ಅಂಚಿಗೆ ನಮ್ಮ ಅಜ್ಜಿಯರು ಬಳಿಯುತ್ತಿದ್ದ ಕೆಮ್ಮಣ್ಣಿನ ಕೆಂಪೂ ಅದೇ, ಹಳಿಯ ಮೇಲಿನ ತುಕ್ಕಿನ ಕೆಂಪೂ ಅದೇ ಜಾತಿಯದು. ಪೇಸ್ಟಲ್ಲಿನಲ್ಲಿ ತುಕ್ಕು ಅಷ್ಟು ಸಹಜವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ನೋಡಿ ಕಲಿಯಲು

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಆಲೆನ್ ಅವರದು. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅವರು ತಮ್ಮ ಮನೆಯ ನೆಲಮಾಳಿಗೆಯಲ್ಲಿ 'ಗೋರಿ ಅಂಡ್ ಡಿಫೀಟೆಡ್' ಎಂದು ತಮಾಷೆಯಾಗಿ ಓದಿಕೊಳ್ಳುವ ಹೆಸರಿನ ಕಾಲ್ಪನಿಕ ರೈಲುಮಾರ್ಗವನ್ನು ಕಟ್ಟಿದ್ದರು. ಮಾದರಿ ಎಂದರೆ ಅಂಗಡಿಯಿಂದ ಬಂದಂತೆ ಫಳಫಳ ಇರಬೇಕೆಂದು ಹೆಚ್ಚಿನವರು ತಿಳಿದಿದ್ದ ಕಾಲದಲ್ಲಿ, ಮಸಿ ಮೆತ್ತಿದ ಎಂಜಿನ್ನು ಮತ್ತು ಸೋರುವ ಗುಡಿಸಲುಗಳಿಗೆ ಗೌರವ ತಂದುಕೊಟ್ಟವರು ಅವರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಸುಮಾರು ಹತ್ತು ದಿನಗಳಲ್ಲೇ ಬೆಂಕಿ ಬಿದ್ದು ಆ ಮಾರ್ಗವೂ ನಾಶವಾಯಿತು. ಅವರು ತೆಗೆದ ಫೋಟೋಗಳನ್ನು ನೋಡಿ ಜನ ಇಂದಿಗೂ ಕಲಿಯುತ್ತಾರೆ.

ನಮ್ಮ ಸಿಯಾಟಲ್ ಸುತ್ತಲೂ ನೋಡಿ ಕಲಿಯುವ ಜಾಗಗಳಿಗೆ ಕೊರತೆಯಿಲ್ಲ. ಟಕೋಮಾದ ವಾಷಿಂಗ್ಟನ್ ಸ್ಟೇಟ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಪ್ಯೂಜೆಟ್ ಸೌಂಡ್ ಮಾಡೆಲ್ ರೈಲ್‌ರೋಡ್ ಎಂಜಿನಿಯರ್ಸ್ ಎಂಬ ಹವ್ಯಾಸಿಗಳ ಸಂಘ ಕಟ್ಟಿದ ದೊಡ್ಡ ಮಾದರಿ ರೈಲುಮಾರ್ಗ ಇದೆ. 1950ರ ದಶಕದ ವಾಷಿಂಗ್ಟನ್ ರಾಜ್ಯ ಅದರ ವಸ್ತು. ವಿಮಾನದ ಮಾದರಿ ಇಷ್ಟಪಡುವ ಮಕ್ಕಳಿದ್ದರೆ ಐಪಿಎಂಎಸ್ ಸಿಯಾಟಲ್ ಸಂಘದವರ ವಸಂತಕಾಲದ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ. ನಿಜವಾದ ತುಕ್ಕು ನೋಡಬೇಕೆಂದರೆ ಸ್ನೊಕ್ವಾಲ್ಮಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ 1890ರ ರೈಲು ನಿಲ್ದಾಣ ಈಗ ನಾರ್ತ್‌ವೆಸ್ಟ್ ರೈಲ್ವೆ ಮ್ಯೂಸಿಯಮ್ಮಿನ ಭಾಗ. ಆ ಊರಿನಲ್ಲಿ ಬಯಲಿನಲ್ಲಿ ನಿಂತು ಮಳೆ ಕುಡಿದ ಹಳೆಯ ಬೋಗಿಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, "ತುಕ್ಕು ಎಲ್ಲಿಂದ ಶುರುವಾಗಿದೆ, ಹೇಳಿ" ಎಂದು ಕೇಳಿ. ಮೊಳೆಯ ಸುತ್ತ, ನೀರು ನಿಲ್ಲುವ ಅಂಚಿನಲ್ಲಿ, ಬಣ್ಣ ಸಿಡಿದ ಕಡೆ ಎಂದು ಅವರೇ ಕಂಡುಹಿಡಿಯುತ್ತಾರೆ. ಊರಿಗೆ ಹೋದಾಗ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಮ್ಮನ್ನೂ ಮರೆಯಬೇಡಿ.

ನಮ್ಮ ಮಾಲ್ಗುಡಿ

ನಾವು ಪಾರ್ಕಿಗೆಂದು ಆರಿಸಿಕೊಂಡದ್ದು ಮಲೆನಾಡಿನ ಒಂದು ಸಣ್ಣ ರೈಲು ನಿಲ್ದಾಣ. ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು 1980ರ ದಶಕದಲ್ಲಿ ದೂರದರ್ಶನದಲ್ಲಿ ನೋಡಿ ಬೆಳೆದವರು ನಾವೆಲ್ಲ. ಆಗುಂಬೆ ಅದರ ಮುಖ್ಯ ಚಿತ್ರೀಕರಣದ ಊರು. ರೈಲು ನಿಲ್ದಾಣದ ದೃಶ್ಯಗಳಿಗೆ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ ಮಾಲ್ಗುಡಿಯಾಗಿತ್ತು. ಪಾಳು ಬೀಳುತ್ತಿದ್ದ ಆ ಹಳೆಯ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಆಗಿ ತೆರೆಯಿತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಆ ಕೆಲಸದಲ್ಲೂ ಕೈಯಾಡಿಸಿದರು.

ಆದರೆ ಆ ಕಾಲದ ರೈಲುಮಾರ್ಗ ಈಗಿಲ್ಲ. ಅದು ಮೀಟರ್ ಗೇಜ್, ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಆಯಿತು. ಪ್ರಯಾಣಕ್ಕೆ ಅದು ಒಳ್ಳೆಯದೇ. ಆದರೆ ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಪುಟ್ಟ ರೈಲನ್ನು ತೋರಿಸಲು ನಮ್ಮ ಬಳಿ ಉಳಿದದ್ದು ಕೆಲವು ಕಪ್ಪು-ಬಿಳುಪು ಫೋಟೋಗಳು ಮಾತ್ರ. ಫೋಟೋದಲ್ಲಿ ಆಕಾರ ಇದೆ, ಬಣ್ಣ ಇಲ್ಲ. ಹೀಗಾಗಿ ನಮ್ಮ ಮಾದರಿ ಅರಸಾಳಿನ ತದ್ರೂಪವಲ್ಲ, ಆ ಕಡೆಯ ಸಣ್ಣ ನಿಲ್ದಾಣಗಳ ಒಂದು ನೆನಪು. ಗೋಡೆಗೆ ಫೋಮ್ ಬೋರ್ಡ್, ಹೆಂಚಿಗೆ ಸುಕ್ಕು ರಟ್ಟು, ಕಂಬಕ್ಕೆ ಬಾಲ್ಸಾ ಮರ, ಎಲ್ಲಕ್ಕೂ ಅಕ್ರಿಲಿಕ್ ಬಣ್ಣ.

ಬೇಕಾಗುವ ಸಾಮಾನು

• ಸಾಫ್ಟ್ ಪೇಸ್ಟಲ್ ಕಡ್ಡಿಗಳು: ಕಪ್ಪು, ಬಿಳಿ, ಬೂದು, ಹಳದಿ ಮಣ್ಣಿನ ಬಣ್ಣ, ಇಟ್ಟಿಗೆ ಕೆಂಪು, ಗಾಢ ಕಂದು, ಮಂಕು ಹಸಿರು. ಏಳು ಕಡ್ಡಿ ಸಾಕು, ದೊಡ್ಡ ಡಬ್ಬಿ ಬೇಡ.
• 220 ನಂಬರಿನ ಸ್ಯಾಂಡ್‌ಪೇಪರ್ ಮತ್ತು ಪುಡಿ ಹಾಕಿಡಲು ಬಾಟಲಿ ಮುಚ್ಚಳಗಳು.
• ಎರಡು ಮೂರು ಮೆತ್ತನೆಯ ಬ್ರಷ್ಷುಗಳು, ಒಂದು ಚಪ್ಪಟೆ ಬ್ರಷ್. ಹಳೆಯ ಮೇಕಪ್ ಬ್ರಷ್ ಇದ್ದರೆ ಇನ್ನೂ ಒಳ್ಳೆಯದು.
• ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ.
• ಕಿವಿಗೆ ಬಳಸುವ ಹತ್ತಿ ಕಡ್ಡಿ, ರಬ್ಬರು, ಒದ್ದೆ ಬಟ್ಟೆ, ಎನ್-95 ಮಾಸ್ಕ್.

ಮಾಡುವ ವಿಧಾನ

1. ಬಣ್ಣ ಬಳಿದ ಮಾದರಿ ಒಂದು ದಿನವಾದರೂ ಒಣಗಲಿ. ಆಮೇಲೆ ತೆಳುವಾಗಿ ಮ್ಯಾಟ್ ಸ್ಪ್ರೇ ಹೊಡೆಯಿರಿ. ಹೊಳೆಯುವ ಮೇಲ್ಮೈ ಮೇಲೆ ಪುಡಿ ನಿಲ್ಲುವುದಿಲ್ಲ, ಜಾರಿಬಿಡುತ್ತದೆ. ಮ್ಯಾಟ್ ಪದರ ಸ್ವಲ್ಪ ತರಿತರಿಯಾಗಿದ್ದು ಪುಡಿಗೆ ಹಿಡಿತ ಕೊಡುತ್ತದೆ, ಬಳಪಕ್ಕೆ ಸ್ಲೇಟಿನ ಮೈ ಹೇಗೋ ಹಾಗೆ.

2. ಕಡ್ಡಿಯನ್ನು ಸ್ಯಾಂಡ್‌ಪೇಪರಿಗೆ ಉಜ್ಜಿ ಪುಡಿ ಮಾಡಿ, ಬಣ್ಣ ಬಣ್ಣವಾಗಿ ಬೇರೆ ಮುಚ್ಚಳದಲ್ಲಿಡಿ. ಒಂದೇ ಬಣ್ಣವನ್ನು ಹಾಗೆಯೇ ಬಳಸಬೇಡಿ. ಕಪ್ಪಿಗೆ ಕಂದು ಬೆರೆತರೆ ಎಂಜಿನ್ನಿನ ಮಸಿ. ಇಟ್ಟಿಗೆ ಕೆಂಪಿಗೆ ಚೂರು ಕಪ್ಪು ಬೆರೆತರೆ ಹಳೆಯ ತುಕ್ಕು. ಹಳದಿ ಮಣ್ಣು, ಬಿಳಿ, ಚೂರು ಕಂದು ಸೇರಿದರೆ ರಸ್ತೆ ಧೂಳು. ಹಸಿರಿಗೆ ಹಳದಿ ಮಣ್ಣು, ಚೂರು ಕಪ್ಪು ಹಾಕಿದರೆ ಪಾಚಿ.

3. ಮೊದಲು ಗಾಢ ಬಣ್ಣ. ಕಿಟಕಿಯ ಮೂಲೆ, ಹಲಗೆಯ ಸಂದು, ಹೆಂಚಿನ ಸಾಲುಗಳ ನಡುವೆ ಬ್ರಷ್ಷಿನ ತುದಿಯಿಂದ ಒತ್ತಿ ಕೂರಿಸಿ. ಗುಡಿಸಿದಂತೆ ಎಳೆಯಬೇಡಿ.

4. ಗೋಡೆಯ ಮೇಲೆ ಚಪ್ಪಟೆ ಬ್ರಷ್ಷನ್ನು ಮೇಲಿನಿಂದ ಕೆಳಗೆ ಮಾತ್ರ ಎಳೆಯಿರಿ. ಮಳೆನೀರು ಎಂದಿಗೂ ಅಡ್ಡ ಹರಿಯುವುದಿಲ್ಲ ತಾನೇ?

5. ಧೂಳು ಇದಕ್ಕೆ ತದ್ವಿರುದ್ಧ. ತಳದಲ್ಲಿ ದಟ್ಟ, ಮೇಲೆ ಹೋದಂತೆ ವಿರಳ. ಸಮತಟ್ಟಾದ ಮೇಲ್ಮೈಗಳ ಮೇಲೆ ತುಸು ತಿಳಿ ಬಣ್ಣ ಕೂರಲಿ.

6. ಹಳಿಯ ಪಕ್ಕಗಳಿಗೆ ತುಕ್ಕು, ತಲೆಗೆ ಬೇಡ. ಚಕ್ರ ಉರುಳುವ ಜಾಗ ಯಾವಾಗಲೂ ಹೊಳೆಯುತ್ತಿರುತ್ತದೆ. ಎಂಜಿನ್ನಿನ ಮೋಟಾರು ಮತ್ತು ಹಲ್ಲುಚಕ್ರಗಳ ಹತ್ತಿರ ಪುಡಿ ಒಯ್ಯಲೇಬೇಡಿ, ವಿದ್ಯುತ್ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ.

7. ಹೆಚ್ಚಾಯಿತೆನಿಸಿದರೆ ಚಿಂತೆಯಿಲ್ಲ. ಒದ್ದೆ ಹತ್ತಿ ಕಡ್ಡಿಯಿಂದ ಒರೆಸಿ, ಇಲ್ಲವೇ ರಬ್ಬರಿನಿಂದ ಉಜ್ಜಿ. ವಾರ್ನಿಷ್ ಹೊಡೆಯುವ ತನಕ ಬಹುಪಾಲು ಅಳಿಸಬಹುದು. ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದಾದದ್ದು ಇದೇ ಕಾರಣಕ್ಕೆ.

8. ಕೆಸರು ಬೇಕಿದ್ದರೆ ಪುಡಿಗೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಬಳಿಯಿರಿ. ರಬ್ಬಿಂಗ್ ಆಲ್ಕೋಹಾಲ್ ಬಳಸಿದರೆ ಬೇಗ ಒಣಗುತ್ತದೆ, ಆದರೆ ಅದು ಅಕ್ರಿಲಿಕ್ ಬಣ್ಣವನ್ನೇ ಕರಗಿಸಬಲ್ಲದು.

ವಿಭೂತಿ ಹೇಳುವ ಪಾಠ

ಕೊನೆಗೆ ಪುಡಿ ಉದುರದಂತೆ ಮತ್ತೆ ಮ್ಯಾಟ್ ಸ್ಪ್ರೇ ಹೊಡೆಯಬೇಕು. ಇಲ್ಲಿ ಎಲ್ಲ ಹೊಸಬರಿಗೂ ಗಾಬರಿಯಾಗುತ್ತದೆ. ಅಷ್ಟು ಹೊತ್ತು ಕೂತು ಹಾಕಿದ ಧೂಳು ಸ್ಪ್ರೇ ತಾಗಿದೊಡನೆ ಅರ್ಧಕ್ಕರ್ಧ ಮಾಯ! ಇದೇಕೆ?

ಹಣೆಗೆ ಹಚ್ಚಿದ ವಿಭೂತಿಯನ್ನು ನೆನೆಸಿಕೊಳ್ಳಿ. ಒದ್ದೆಯಾಗಿದ್ದಾಗ ಕಂಡೂ ಕಾಣದಂತೆ ಇರುತ್ತದೆ, ಒಣಗಿದ ಮೇಲೆ ಅಚ್ಚ ಬಿಳಿಯಾಗಿ ಎದ್ದು ಕಾಣುತ್ತದೆ. ಪುಡಿ ಅಷ್ಟೇ ಇದೆ, ಬದಲಾದದ್ದು ಕಣಗಳ ನಡುವೆ ಇರುವ ವಸ್ತು. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವಕ್ರೀಭವನಾಂಕಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಹೆಚ್ಚು ಚದುರುತ್ತದೆ. ಗಾಳಿಯದು 1, ಸುಣ್ಣದ ಪುಡಿಯದು ಸುಮಾರು 1.6. ಅಂತರ ದೊಡ್ಡದು, ಆದ್ದರಿಂದ ಒಣ ಪುಡಿ ಬೆಳ್ಳಗೆ ಕಾಣುತ್ತದೆ. ಗಾಳಿಯ ಜಾಗಕ್ಕೆ ಸುಮಾರು 1.5 ಇರುವ ವಾರ್ನಿಷ್ ಬಂದು ಕೂತರೆ ಅಂತರ ಬಹಳ ಚಿಕ್ಕದಾಗುತ್ತದೆ, ಪುಡಿ ಪಾರದರ್ಶಕವಾಗುತ್ತದೆ. ನೀರು ಆರುವಂತೆ ವಾರ್ನಿಷ್ ಆರಿಹೋಗುವುದಿಲ್ಲ, ಅದು ಒಣಗಿ ಅಲ್ಲೇ ಉಳಿಯುತ್ತದೆ. ಹೀಗಾಗಿ ವಿಭೂತಿಯಂತೆ ಬಿಳುಪು ಮರಳಿ ಬರುವುದಿಲ್ಲ. ಕಬ್ಬಿಣದ ಕೆಂಪಿನ ಅಂಕ 2.5ಕ್ಕೂ ಹೆಚ್ಚು. ಅದಕ್ಕೇ ತುಕ್ಕಿನ ಬಣ್ಣ ಉಳಿಯುತ್ತದೆ, ತಿಳಿ ಧೂಳು ಕಾಣೆಯಾಗುತ್ತದೆ.

ಇದು ಗೊತ್ತಿದ್ದರೆ ಉಪಾಯವೂ ಸುಲಭ. ತಿಳಿ ಬಣ್ಣಗಳನ್ನು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಹಾಕಿ. ಒಂದಡಿ ದೂರದಿಂದ ಎರಡು ಮೂರು ತೆಳು ಪದರಗಳಲ್ಲಿ ಸ್ಪ್ರೇ ಮಾಡಿ. ಯಾರೂ ಮುಟ್ಟದ ಛಾವಣಿಯಂಥ ಜಾಗದಲ್ಲಿ ಕೊನೆಯ ಧೂಳನ್ನು ಸ್ಪ್ರೇ ಆದ ಮೇಲೆ ಹಾಕಿ ಹಾಗೆಯೇ ಬಿಟ್ಟುಬಿಡಿ. ಇನ್ನೊಂದು ಸ್ಥಳೀಯ ಸಲಹೆ: ನಮ್ಮೂರಿನ ತೇವದ ದಿನಗಳಲ್ಲಿ ಸ್ಪ್ರೇ ಹೊಡೆದರೆ ಬಿಳಿ ಮಂಜು ಹಿಡಿದಂತಾಗಬಹುದು. ಮಳೆ ಹಿಡಿಯುವ ಮುನ್ನ, ಸೆಪ್ಟೆಂಬರಿನ ಒಣ ಬಿಸಿಲಿನಲ್ಲೇ ಈ ಕೆಲಸ ಮುಗಿಸಿಕೊಳ್ಳಿ.

ಅಜ್ಜ ಕಂಡ ಕಲೆಗಳು

ವಿಧಾನ ಕಲಿಯುವುದು ಒಂದು ವಾರಾಂತ್ಯದ ಕೆಲಸ. ಯಾವ ಕಲೆ ಎಲ್ಲಿರಬೇಕು ಎಂದು ತಿಳಿಯುವುದೇ ಕಷ್ಟ. ಸಿಯಾಟಲ್‌ನ ವಾರ್ಷಿಕ ಮಳೆ ಸುಮಾರು 1,000 ಮಿಲಿಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ! ಆಗುಂಬೆಯಲ್ಲಿ ಅದರ ಏಳು ಪಟ್ಟು. ಇಲ್ಲಿಯದು ತಿಂಗಳುಗಟ್ಟಲೆ ಸುರಿಯುವ ಜಿನುಗು ಮಳೆ, ಬಿಸಿಲು ಬೀಳದ ಉತ್ತರದ ಛಾವಣಿಯಲ್ಲಿ ಹಸಿರು ಪಾಚಿ. ಅಲ್ಲಿಯದು ಮುಂಗಾರಿನ ಹೊಡೆತ, ಸೂರಿನಿಂದ ಬಿದ್ದ ನೀರು ಕೆಂಪು ಮಣ್ಣನ್ನು ಗೋಡೆಗೆ ಮೊಣಕಾಲೆತ್ತರ ಸಿಡಿಸುತ್ತದೆ. ಬೇಸಿಗೆಯಲ್ಲಿ ಪಾಚಿ ಒಣಗಿ ಕಪ್ಪಾಗುತ್ತದೆ. ನಾವು ಮೊದಲು ಹಾಕಿದ ಕಲೆಗಳು ಈ ಪುಸ್ತಕದ ಲೆಕ್ಕದವು.

ಆ ಬೇಸಿಗೆಯಲ್ಲಿ ನಮ್ಮ ಗುಂಪಿನ ಒಬ್ಬರ ತಂದೆ ಸಾಗರದಿಂದ ಬಂದಿದ್ದರು. ಮೀಟರ್ ಗೇಜಿನ ಕಾಲದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಮಾತು ಕಡಿಮೆ, ದಿನವೆಲ್ಲ ಕಿಟಕಿಯ ಬಳಿ ಕೂತಿರುತ್ತಿದ್ದರು. ಮೊಮ್ಮಗಳು ಮಾದರಿಯನ್ನು ಅವರ ಮುಂದಿಟ್ಟು, "ಅಜ್ಜ, ಸರಿ ಇದೆಯಾ?" ಎಂದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಎಲ್ಲ ಚಂದ ಆಯ್ದು ಮಗಾ. ಆದ್ರೆ ಇಲ್ಲಿ ಮನುಷ್ಯರೇ ಇರ್ಲಿಲ್ವಾ?" ಎಂದರು.

ಆಮೇಲೆ ಒಂದೊಂದಾಗಿ ಹೊರಬಂತು. ಬೆಂಚಿನ ಮೇಲೆ ಗೋಡೆಗೆ ತಲೆಯೆತ್ತರದಲ್ಲಿ ಎಣ್ಣೆಕಲೆ ಬೇಕು, ರೈಲು ಕಾಯುವವರು ತಲೆ ಆನಿಸಿ ನಿದ್ದೆ ಮಾಡುತ್ತಿದ್ದರು. ಕಂಬದ ಬುಡಕ್ಕೆ ಎಲೆ-ಅಡಿಕೆಯ ಕೆಂಪು ಬೇಕು. ಲಾಟೀನು ತೂಗುತ್ತಿದ್ದ ಕೊಕ್ಕೆಯ ಮೇಲೆ ಮಸಿ ಬೇಕು. ಟಿಕೆಟ್ ಕಿಟಕಿಯ ಕಟ್ಟೆ ಮಾತ್ರ ಸ್ವಚ್ಛವಾಗಿರಬೇಕು, ಸಾವಿರಾರು ಕೈ ಸವರಿ ನುಣುಪಾಗಿತ್ತು. ನೀರಿನ ಹಂಡೆಯ ಕೆಳಗೆ ಬೇಸಿಗೆಯಲ್ಲೂ ಒಣಗದ ಒಂದು ಹಸಿರು ಚುಕ್ಕೆ. ಮೊಮ್ಮಗಳು ಕೇಳುತ್ತಾ ಹೋದಳು, ಅವರು ಹೇಳುತ್ತಾ ಹೋದರು. ರಾತ್ರಿ ಪಾಳಿಯ ಮಳೆ, ಕೈದೀಪ, ತಡವಾದ ಗಾಡಿ, ಇವನ್ನೆಲ್ಲ ಅವರ ಮಗನೂ ಅಂದೇ ಮೊದಲು ಕೇಳಿದ್ದು. ಯಾವ ಫೋಟೋದಲ್ಲೂ ಇಲ್ಲದ ಆ ನಿಲ್ದಾಣ ಇದ್ದದ್ದು ಅವರ ತಲೆಯಲ್ಲಿ ಮಾತ್ರ. ಕೇಳುವವರಿಲ್ಲದೆ ಹಾಗೆಯೇ ಹೊರಟುಹೋಗುತ್ತಿತ್ತೇನೋ. ಅವರು ಊರಿಗೆ ಮರಳಿದ ಮೇಲೆ ಮುಗಿದ ಮಾದರಿಯ ಫೋಟೋ ಕಳಿಸಿದೆವು. "ಮಳೆ ಸ್ವಲ್ಪ ಸಾಲದು" ಎಂದು ಉತ್ತರ ಬಂತು. ಇನ್ನೊಂದು ಪದರ ಪಾಚಿ ಹಾಕಿದೆವು!

ಎಚ್ಚರಿಕೆ

ಪೇಸ್ಟಲ್ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕಲಾವಿದರ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ. ಮಕ್ಕಳಿಗಾಗಿ ಕೊಳ್ಳುವಾಗ ಎಪಿ ಮುದ್ರೆ ಇರುವ ಡಬ್ಬಿಯನ್ನೇ ಆರಿಸಿ. ಪುಡಿ ಮಾಡುವಾಗ ದೊಡ್ಡವರು, ಮಕ್ಕಳು ಎಲ್ಲರೂ ಮಾಸ್ಕ್ ಹಾಕಿಕೊಳ್ಳಿ. ಅಡುಗೆಮನೆಯ ಬಟ್ಟಲುಗಳನ್ನು ಬಳಸಬೇಡಿ. ಸ್ಪ್ರೇ ಕೆಲಸ ದೊಡ್ಡವರದು, ಅದೂ ಗಾಳಿಯಾಡುವ ಹೊರಗಡೆ.

ಇನ್ನೊಂದು ಮಾತು. ಮನೆಯ ಪಟ್ಟದ ಗೊಂಬೆಗಳು ಮತ್ತು ಹಿರಿಯರಿಂದ ಬಂದ ಹಳೆಯ ಗೊಂಬೆಗಳ ಮೇಲೆ ಈ ಪ್ರಯೋಗ ಖಂಡಿತ ಬೇಡ. ಹಳೆಯ ಬಣ್ಣದ ಬಿರುಕಿಗೆ ಇಳಿದ ಪುಡಿಯನ್ನು ತೆಗೆಯಲಾಗುವುದಿಲ್ಲ. ಅವುಗಳ ಮೇಲೆ ಕಾಲವೇ ಹಾಕಿದ ಕಲೆ ಇದೆ, ನಮ್ಮದು ಅಲ್ಲಿ ಬೇಕಿಲ್ಲ.

ಕೊನೆಯದಾಗಿ

ಈ ವರ್ಷ ಬೇಸಿಗೆ ರಜೆಗೆ ಅಜ್ಜ-ಅಜ್ಜಿ ಬಂದಾಗ ಅವರ ಊರಿನ ಒಂದು ಜಾಗವನ್ನು ಆರಿಸಿಕೊಳ್ಳಿ. ಶಾಲೆಯಾಗಲಿ, ಹಿಟ್ಟಿನ ಗಿರಣಿಯಾಗಲಿ, ಬಸ್‌ಸ್ಟ್ಯಾಂಡಾಗಲಿ, ರಟ್ಟಿನಲ್ಲಿ ಕಟ್ಟಿ ಬಣ್ಣ ಬಳಿಯಿರಿ. ಆಮೇಲೆ ಪುಡಿಯ ಮುಚ್ಚಳಗಳನ್ನು ಮಕ್ಕಳ ಮುಂದಿಟ್ಟು, ಪ್ರಶ್ನೆಗಳನ್ನು ಹಿರಿಯರ ಮುಂದಿಡಿ. ಎರಡು ಮಾದರಿ ಮಾಡಿದರೆ ಇನ್ನೂ ಒಳ್ಳೆಯದು, ಒಂದು ನಿಮ್ಮ ಮನೆಯ ಪಾರ್ಕಿಗೆ, ಇನ್ನೊಂದು ನಮ್ಮ ಸಹಾಯನಿಧಿಯ ಮಾರಾಟದ ಮೇಜಿಗೆ. ನಮ್ಮ ಮುಂದಿನ ಕೆಲಸ ನೀರು ತುಂಬುವ ಗೋಪುರ. ಅದರ ತುಕ್ಕು ಯಾವ ಕಡೆ ಹೆಚ್ಚಿತ್ತೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನಮಗೆ ತಿಳಿಸಿ.